ಆಮೆಯ ಮೂತ್ರಕೋಶದ ಕಲ್ಲಿಗೆ ಆಪರೇಷನ್: ಗುರುತು ಹಿಡಿಯೋದ್ರಿಂದ ಚಿಪ್ಪು ಕೂಡೋವರೆಗೆ

ನಮ್ಮನೆ ಗುಂಡಮ್ಮನ ಹೊಟ್ಟೆಯಿಂದ ತೆಗೆದ ಕಲ್ಲು ಈಗ್ಲೂ ನನ್ನ ಮೇಜಿನ ಮೇಲೆ ಗಾಜಿನ ಡಬ್ಬೀಲಿ ಇದೆ. ದೊಡ್ಡ ನಿಂಬೆಹಣ್ಣಿನಷ್ಟು ಗಾತ್ರ, ಹಳದಿ ತಿರುಗಿದ ಬಿಳಿ ಬಣ್ಣ, ಮೇಲೆಲ್ಲ ತರಿತರಿ. ಮೂರು ಕೆಜಿ ಚಿಲ್ಲರೆ ತೂಗೋ ಜೀವ ಇದನ್ನ ಹೊಟ್ಟೇಲಿಟ್ಕೊಂಡು ಎಷ್ಟು ವರ್ಷ ಓಡಾಡ್ತೋ ಅಂತ ನೋಡಿದಾಗೆಲ್ಲ ಸಂಕಟ ಆಗತ್ತೆ.

ನಾವಿರೋದು ಅಮೆರಿಕದ ಅರಿಜೋನದಲ್ಲಿ, ಫೀನಿಕ್ಸ್ ಪಕ್ಕದ ಚಾಂಡ್ಲರ್‌ನಲ್ಲಿ. ಗುಂಡಮ್ಮ ಸೊನೋರನ್ ಮರುಭೂಮಿ ಆಮೆ, ರಾಜ್ಯದ ಗೇಮ್ ಅಂಡ್ ಫಿಶ್ ಇಲಾಖೆಯ ದತ್ತು ಯೋಜನೆಯಿಂದ ನಮ್ಮನೆಗೆ ಬಂದವಳು. ಮರುಭೂಮಿ ಆಮೆಗಳಲ್ಲಿ ಈ ಕಲ್ಲಿನ ಕಾಯಿಲೆ ತುಂಬಾನೇ ಜಾಸ್ತಿ, ಸುಲ್ಕಾಟಾ ಅನ್ನೋ ಆಫ್ರಿಕಾದ ದೊಡ್ಡ ಆಮೆಗಳಲ್ಲೂ ಅಷ್ಟೇ. ನಮಗೆ ಇದು ಬಂದಾಗ ಕನ್ನಡದಲ್ಲಿ ಹುಡುಕಿದ್ರೆ ಒಂದಕ್ಷರ ಸಿಗಲಿಲ್ಲ, ಅದಕ್ಕೇ ಪೂರ್ತಿ ಬರೀತಾ ಇದ್ದೀನಿ. ಆಪರೇಷನ್ ಮಾಡೋದು ವೆಟ್, ಅಂದ್ರೆ ಪ್ರಾಣಿಗಳ ಡಾಕ್ಟರ್, ಮನೇಲಿ ಯಾರೂ ಮಾಡೋ ಕೆಲಸ ಅಲ್ಲ. ಆದ್ರೆ ಆಪರೇಷನ್ನಿಗೆ ಮುಂಚಿನ ಕೆಲಸ, ಆಮೇಲಿನ ಕೆಲಸ ಪೂರ್ತಿ ನಮ್ಮದು, ಅಲ್ಲಿ ತಪ್ಪಿದ್ರೆ ಎಷ್ಟು ಒಳ್ಳೆ ಡಾಕ್ಟರ್ ಇದ್ರೂ ಆಮೆ ಉಳಿಯೋದು ಕಷ್ಟ.

ಊರಲ್ಲಿರೋರಿಗೆ ಒಂದು ಮಾತು. ನಕ್ಷತ್ರ ಆಮೆ ಮನೇಲಿಟ್ರೆ ಅದೃಷ್ಟ ಬರತ್ತೆ ಅಂತ ಕದ್ದು ಸಾಕೋರು ಇನ್ನೂ ಇದ್ದಾರೆ. ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ, 2019ರಲ್ಲಿ ಸೈಟಿಸ್ ಅನ್ನೋ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಮೊದಲನೇ ಪಟ್ಟಿಗೂ ಸೇರಿಸಿದ್ದಾರೆ. ಅಂಥ ಆಮೆ ಕಾಯಿಲೆ ಬಿದ್ದಿದ್ರೆ ಅರಣ್ಯ ಇಲಾಖೆಗೆ ತಿಳಿಸಿ, ಅದೇ ಅದಕ್ಕೆ ಚಿಕಿತ್ಸೆಯ ದಾರಿ.

ಕಲ್ಲು ಯಾಕೆ ಆಗತ್ತೆ

ನಾವು ಮೈಯಲ್ಲಿನ ಸಾರಜನಕದ ಕಸಾನ ಯೂರಿಯಾ ಮಾಡಿ ನೀರಿನ ಜೊತೆ ಹೊರಗೆ ಹಾಕ್ತೀವಿ. ಒಣನಾಡಿನ ಆಮೆ ನೀರು ಉಳಿಸ್ಬೇಕು, ಅದಕ್ಕೆ ಅದೇ ಕಸಾನ ಯೂರಿಕ್ ಆಸಿಡ್ ಮಾಡಿ ಬಿಳಿ ಪೇಸ್ಟ್ ಥರ ಬಿಡತ್ತೆ, ಇದಕ್ಕೆ ಯೂರೇಟ್ ಅಂತಾರೆ. ಅದರ ಮೂತ್ರಕೋಶ ನಮ್ಮದರ ಥರ ಬರೀ ಚೀಲ ಅಲ್ಲ, ನೀರಿನ ತೊಟ್ಟಿ ಇದ್ದ ಹಾಗೆ. ಮಳೆ ಬಂದಾಗ ಹೊಟ್ಟೆ ತುಂಬ ಕುಡಿದು ಅಲ್ಲಿ ತುಂಬಿಸ್ಕೊಂಡು, ಬೇಸಿಗೇಲಿ ಅದೇ ನೀರನ್ನ ವಾಪಸ್ ಮೈಗೆ ಎಳ್ಕೊಳತ್ತೆ. ನೀರು ಎಳ್ಕೊಂಡಷ್ಟೂ ಒಳಗಿರೋ ಯೂರೇಟ್ ಗಟ್ಟಿ ಆಗ್ತಾ ಹೋಗತ್ತೆ. ಹೊಸ ನೀರು ಸಿಕ್ಕಿದ ತಕ್ಷಣ ಹಳೇದನ್ನ ಹೊರಗೆ ಚೆಲ್ಲಿ ತೊಟ್ಟಿ ತೊಳ್ಕೊಳ್ಳೋದು ಅದರ ಸ್ವಭಾವ. ಸಾಕಿದ ಮನೇಲಿ "ಮರುಭೂಮಿ ಪ್ರಾಣಿ, ನೀರು ಬೇಕಿಲ್ಲ" ಅಂತ ನೀರೇ ಇಡದೆ ಇದ್ರೆ ಅದು ತೊಳ್ಕೊಳ್ಳೋದು ಯಾವಾಗ? ಒಂದು ಚೂರು ಗಟ್ಟಿ ಯೂರೇಟ್ ಉಳ್ಕೊಂಡ್ರೆ ಸಾಕು, ಅದರ ಸುತ್ತ ಪದರದ ಮೇಲೆ ಪದರ ಕೂತು ಕಲ್ಲಾಗತ್ತೆ. ಇದರ ಮೇಲೆ ನಾಯಿ ಫುಡ್ಡು, ಬೇಳೆ, ಕಾಳು ಅಂತ ಪ್ರೋಟೀನ್ ಹಾಕಿದ್ರೆ ಯೂರಿಕ್ ಆಸಿಡ್ ಇನ್ನೂ ಹೆಚ್ಚತ್ತೆ. ಗುಂಡಮ್ಮ ನಮ್ಮನೆಗೆ ಬರೋಕೆ ಮುಂಚೆ ಇದ್ದ ಕಡೆ ಅವಳಿಗೆ ಬೆಕ್ಕಿನ ಊಟಾನೇ ಹಾಕ್ತಿದ್ರಂತೆ.

ಹಂತ 1: ಮನೇಲಿ ಗುರುತು ಹಿಡಿಯೋದು

ಆಮೆ ನೋವು ಹೇಳ್ಕೊಳಲ್ಲ, ಮುಖದಲ್ಲೂ ತೋರಿಸಲ್ಲ. ಕಲ್ಲು ಬೆಳೆದು ದೊಡ್ಡದಾಗೋವರೆಗೂ ಎಷ್ಟೋ ಆಮೆಗಳು ಆರಾಮಾಗಿ ತಿಂದ್ಕೊಂಡೇ ಇರ್ತವೆ. ನೀವು ನೋಡ್ಬೇಕಾದ್ದು ಇವು: ತಿನ್ನೋದು ಕಮ್ಮಿ ಆಗೋದು, ಬಿಸಿಲಿಗೆ ಬಂದು ಕೂರದೆ ಗೂಡಲ್ಲೇ ಇರೋದು, ಹಿಂಗಾಲು ಎಳೆದು ಹಾಕೋದು ಅಥವಾ ಹಿಂಭಾಗ ಎತ್ತಿ ಎತ್ತಿ ತಿಣುಕೋದು, ಮಲ ದಿನಗಟ್ಟಲೆ ಬರದೆ ಇರೋದು, ಮೂತ್ರದಲ್ಲಿ ರಕ್ತದ ಎಳೆ. ತಿಣುಕಿ ತಿಣುಕಿ ಗುದದ ಭಾಗ ಹೊರಗೆ ಬಂದ್ಬಿಟ್ರೆ ಅದು ಎಮರ್ಜೆನ್ಸಿ, ಒದ್ದೆ ಬಟ್ಟೆ ಮುಚ್ಚಿ ಆಗಲೇ ಆಸ್ಪತ್ರೆಗೆ ಓಡ್ಬೇಕು.

ಎಲ್ಲಕ್ಕಿಂತ ಸುಲಭದ ಪರೀಕ್ಷೆ ಆ ಬಿಳಿ ಪೇಸ್ಟ್ ಮುಟ್ಟಿ ನೋಡೋದು. ಗ್ಲೌಸ್ ಹಾಕ್ಕೊಂಡು ಎರಡು ಬೆರಳ ಮಧ್ಯೆ ತಿಕ್ಕಿ ನೋಡಿ. ಸರಿಯಾಗಿದ್ರೆ ಎಲೆ ಅಡಿಕೆಗೆ ಹಚ್ಚೋ ಸುಣ್ಣದ ಥರ ನುಣ್ಣಗೆ ಹರಡತ್ತೆ. ರಂಗೋಲಿ ಪುಡಿ ಥರ ಗರಗರ ಅಂದ್ರೆ ನೀರು ಸಾಲ್ತಾ ಇಲ್ಲ ಅಂತ ಅರ್ಥ. ಗುಂಡಮ್ಮನದು ಎರಡು ತಿಂಗಳಿಂದ ಗರಗರ ಇತ್ತು, ನಾನು ಮಣ್ಣು ಸೇರಿರ್ಬೇಕು ಅಂತ ಒರೆಸಿ ಹಾಕ್ತಿದ್ದೆ. ಹಾಗೇನೇ ಬಿಳಿ ಬರೋದೇ ನಿಂತ್ಹೋದ್ರೂ ಹುಷಾರು, ಅದು ಒಳಗೇ ಕೂತ್ಕೋತಾ ಇರಬಹುದು.

ಇನ್ನೊಂದು ಅಭ್ಯಾಸ ಮಾಡ್ಕೊಳಿ, ವಾರಕ್ಕೊಂದ್ಸಲ ಅಡುಗೆಮನೆ ತಕ್ಕಡೀಲಿ ತೂಕ ನೋಡಿ ಗ್ರಾಂ ಲೆಕ್ಕದಲ್ಲಿ ಬರೆದಿಡಿ. ತಿನ್ನೋದು ಕಮ್ಮಿ ಆಗಿದ್ರೂ ತೂಕ ಇಳೀತಾ ಇಲ್ಲ ಅಂದ್ರೆ ಒಳಗೆ ಏನೋ ಬೆಳೀತಿದೆ ಅನ್ನೋ ಅನುಮಾನ ಬರ್ಬೇಕು, ನಮ್ಮ ವೆಟ್ ಆ ಬರೆದಿಟ್ಟ ಪುಸ್ತಕ ನೋಡೇ ಮೊದಲು ಕಲ್ಲಿನ ಮಾತು ಎತ್ತಿದ್ದು.

ಮನೇಲಿ ಏನು ಮಾಡಬಾರದು

ಊರಿಗೆ ಫೋನ್ ಮಾಡಿದಾಗ ಅಮ್ಮ ಮೊದಲು ಹೇಳಿದ್ದು "ಬಾಳೆದಿಂಡಿನ ರಸ ಕುಡ್ಸೇ, ಹುರುಳಿ ಕಟ್ಟು ಕೊಡು, ಕಲ್ಲು ಕರಗ್ಹೋಗತ್ತೆ" ಅಂತ. ಅಮ್ಮನ ಪ್ರೀತಿ ಅದು. ಆದ್ರೆ ಮನುಷ್ಯರಲ್ಲಿ ಆಗೋ ಕಲ್ಲು ಹೆಚ್ಚಾಗಿ ಕ್ಯಾಲ್ಸಿಯಂ ಆಕ್ಸಲೇಟ್, ಆಮೇದು ಯೂರೇಟ್, ಎರಡೂ ಬೇರೆ ಜಾತಿ. ಹುರುಳಿ ಅಂದ್ರೆ ಪ್ರೋಟೀನು, ಅದನ್ನ ಕೊಟ್ರೆ ಉರಿಯೋ ಬೆಂಕಿಗೆ ತುಪ್ಪ ಸುರಿದ ಹಾಗೆ. ಆಮೆಯ ಮೂತ್ರಕೋಶದಲ್ಲಿ ಗಟ್ಟಿಯಾಗಿ ಬೆಳೆದ ಕಲ್ಲನ್ನ ಕರಗಿಸತ್ತೆ ಅಂತ ನಂಬಬಹುದಾದ ಔಷಧಿ ಇಲ್ಲ. ಅಲೋಪ್ಯೂರಿನಾಲ್ ಅಂತ ಮಾತ್ರೆ ಇದೆ, ಅದು ಹೊಸದಾಗಿ ಯೂರಿಕ್ ಆಸಿಡ್ ಆಗೋದನ್ನ ತಗ್ಗಿಸತ್ತೆ, ಆಗ್ಲೇ ಆಗಿರೋ ಕಲ್ಲನ್ನ ಕರಗಿಸಲ್ಲ. ಹಿಂಗಾಲ ಹತ್ರ ಬೆರಳು ಹಾಕಿ ಒತ್ತಿ ಕಲ್ಲು ತಳ್ಳೋಕೆ ಹೋಗೋದಂತೂ ಬೇಡವೇ ಬೇಡ, ಆ ಚೀಲದ ಗೋಡೆ ತುಂಬ ತೆಳು.

ಉಗುರುಬೆಚ್ಚಗಿನ ನೀರಲ್ಲಿ, ಗದ್ದದ ಕೆಳಗೆ ಬರೋ ಹಾಗೆ, ದಿನಾ 20ರಿಂದ 30 ನಿಮಿಷ ಕೂರಿಸೋದು ಮಾತ್ರ ನೀವು ಧೈರ್ಯವಾಗಿ ಮಾಡಬಹುದು. ಮರಳಿನಷ್ಟು ಚಿಕ್ಕ ಕಲ್ಲಿದ್ರೆ ಇದರಲ್ಲೇ ಹೊರಗೆ ಬಂದ್ಬಿಡೋದೂ ಉಂಟು.

ಹಂತ 2: ಸರಿಯಾದ ವೆಟ್ ಹುಡುಕೋದು, ಎಕ್ಸ್‌ರೇ

ಇಲ್ಲಿ ನಾವು ಮೂರು ವಾರ ಕಳ್ಕೊಂಡ್ವಿ. ಮೊದಲು ಹೋದ ಕಡೆ ಹೆಚ್ಚಾಗಿ ನಾಯಿ ಬೆಕ್ಕು ನೋಡೋರು, ಒಂದೇ ಒಂದು ಎಕ್ಸ್‌ರೇ ತೆಗೆದು ದುಂಡಗೆ ಬೆಳ್ಳಗೆ ಕಂಡಿದ್ದನ್ನ ಮೊಟ್ಟೆ ಅಂದ್ರು, ಕಾಯಿರಿ ಇಡತ್ತೆ ಅಂದ್ರು. ನಾವು ಸಂತೋಷವಾಗಿ ಮಣ್ಣು ಅಗೆದು ಹದ ಮಾಡಿ ಕಾದ್ವಿ. ಮೊಟ್ಟೆ ಮತ್ತು ಕಲ್ಲಿನ ವ್ಯತ್ಯಾಸ ನೀವೂ ತಿಳ್ಕೊಂಡಿರಿ: ಮೊಟ್ಟೆ ಆದ್ರೆ ಸುತ್ತ ತೆಳುವಾದ ಬಿಳಿ ಗೆರೆ, ಒಳಗೆ ಮಬ್ಬು, ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು, ಎಲ್ಲ ಒಂದೇ ಅಳತೆ. ಕಲ್ಲಾದ್ರೆ ಹೆಚ್ಚಾಗಿ ಒಂದೇ, ಒಳಗೂ ಗಟ್ಟಿ, ಎಷ್ಟೋ ಸಲ ಈರುಳ್ಳಿ ಕೊಯ್ದಾಗ ಕಾಣೋ ಹಾಗೆ ಸುತ್ತು ಸುತ್ತು ಪದರ. ಮೊಟ್ಟೆ ಅಂದ್ಕೊಂಡು, ಅದನ್ನ ಹೊರಗೆ ತಳ್ಳಿಸೋ ಆಕ್ಸಿಟೋಸಿನ್ ಇಂಜೆಕ್ಷನ್ ಕೊಟ್ಬಿಟ್ರೆ ಬಹಳ ಅಪಾಯ, ದಾರೀಲಿ ಕಲ್ಲು ಅಡ್ಡ ಕೂತಿರುವಾಗ ಒಳಗಿಂದ ತಳ್ಳಿದ್ರೆ ಏನಾಗತ್ತೆ ಯೋಚನೆ ಮಾಡಿ. ಪುಣ್ಯಕ್ಕೆ ನಮಗೆ ಅದು ಆಗ್ಲಿಲ್ಲ.

ಅಮೆರಿಕದಲ್ಲಿರೋರು ಎಆರ್‌ಎವಿ, ಅಂದ್ರೆ ಸರೀಸೃಪ ಮತ್ತು ಉಭಯಚರ ನೋಡೋ ವೆಟ್‌ಗಳ ಸಂಘ, ಅದರ ಪಟ್ಟೀಲಿ ನಿಮ್ಮ ಊರಿನ ಹತ್ರ ಯಾರಿದ್ದಾರೆ ನೋಡಿ. ಫೋನ್ ಮಾಡಿ ನೇರವಾಗಿ ಕೇಳಿ, ಆಮೆಯ ಕೆಳಚಿಪ್ಪು ಕೊಯ್ದು ಕಲ್ಲು ತೆಗೆದ ಅನುಭವ ಇದೆಯಾ, ಎಷ್ಟು ಸಲ ಮಾಡಿದ್ದೀರಿ, ರಾತ್ರಿ ಅಲ್ಲೇ ಇಟ್ಕೊಂಡು ನೋಡ್ಕೊಳ್ಳೋರು ಇದ್ದಾರಾ ಅಂತ. ಸಂಕೋಚ ಬೇಡ, ಒಳ್ಳೆ ವೆಟ್ ಬೇಜಾರು ಮಾಡ್ಕೊಳಲ್ಲ, ನಮ್ಮ ಡಾಕ್ಟರಮ್ಮ ನಾನು ಕೇಳಿದ್ದಕ್ಕೆ ಕಾಗದದ ಮೇಲೆ ಆಮೆ ಹೊಟ್ಟೆ ಚಿತ್ರ ಬರೆದು ಎಲ್ಲಿ ಕೊಯ್ತೀನಿ ಅಂತ ತೋರಿಸಿದ್ರು.

ಎಕ್ಸ್‌ರೇ ಮೇಲಿಂದ ಒಂದು ಸಾಲದು, ಪಕ್ಕದಿಂದ ಮತ್ತು ಮುಂದಿನಿಂದಲೂ ತೆಗೀಬೇಕು, ಆಗ್ಲೇ ಕಲ್ಲು ಮೂತ್ರಕೋಶದಲ್ಲೇ ಇದೆಯಾ ಇಲ್ಲಾ ಕೆಳಗೆ ಸೊಂಟದ ಮೂಳೆ ಸಂದೀಲಿ ಸಿಕ್ಕಿದೆಯಾ ತಿಳಿಯೋದು. ರಕ್ತಪರೀಕ್ಷೆ ತಪ್ಪಿಸಬೇಡಿ. ಯೂರಿಕ್ ಆಸಿಡ್, ಕ್ಯಾಲ್ಸಿಯಂ, ಫಾಸ್ಫರಸ್, ಪೊಟ್ಯಾಸಿಯಂ ನೋಡಿದ್ರೆ ಕಿಡ್ನಿ ಹೇಗಿದೆ ಅಂತ ಅಂದಾಜು ಸಿಗತ್ತೆ. ಕಿಡ್ನಿ ಪೂರ್ತಿ ಹೋಗಿದ್ರೆ ಆಪರೇಷನ್ ಮಾಡಿ ನೋವು ಕೊಡೋದಾ ಬೇಡ್ವಾ ಅನ್ನೋ ಕಷ್ಟದ ಮಾತು ಆಗ್ಲೇ ಆಡ್ಬೇಕಾಗತ್ತೆ.

ಹಂತ 3: ಯಾವ ದಾರೀಲಿ ತೆಗೀಬೇಕು

ಮೂರು ದಾರಿ ಇವೆ. ಕಲ್ಲು ಚಿಕ್ಕದಿದ್ದು ಕೆಳಗೆ ಮಲ ಮೂತ್ರ ಹೋಗೋ ಬಾಗಿಲ ಹತ್ರಾನೇ ಬಂದು ಕೂತಿದ್ರೆ, ಅರಿವಳಿಕೆ ಕೊಟ್ಟು ಕೆಳಗಿನ ದಾರಿಯಿಂದಲೇ ಕ್ಯಾಮೆರಾ ಹಾಕಿ, ಚಿಮಟದಲ್ಲಿ ಹಿಡಿದು ಬೇಕಿದ್ರೆ ಒಡೆದು ಚೂರು ಚೂರಾಗಿ ತೆಗೀತಾರೆ. ಕೊಯ್ಯೋದೇ ಇಲ್ಲ.

ಎರಡನೇದು ತೊಡೆ ಸಂದಿಯ ದಾರಿ. ಹಿಂಗಾಲಿನ ಮುಂದೆ, ಮೇಲ್ಚಿಪ್ಪು ಕೆಳಚಿಪ್ಪಿನ ಮಧ್ಯೆ ಚಿಪ್ಪಿಲ್ಲದ ಮೆತ್ತನೆ ಜಾಗ ಇದೆಯಲ್ಲ, ಅಲ್ಲಿ ಚರ್ಮ ಮತ್ತು ಸ್ನಾಯು ಕೊಯ್ದು, ಮೂತ್ರಕೋಶದ ಗೋಡೇನ ಹೊರಗೆ ಎಳೆದು ಗಾಯದ ಬಾಯಿಗೆ ತಾತ್ಕಾಲಿಕವಾಗಿ ಹೊಲಿದು, ಒಳಗೆ ಕಲ್ಲನ್ನ ಒಡೆದು ತೆಗೆಯೋದು. ಮೂಳೆ ಮುಟ್ಟಲ್ಲ, ನೋವು ಕಮ್ಮಿ, ಬೇಗ ಮಾಯತ್ತೆ. ನಿಮ್ಮ ಆಮೆಗೆ ಇದು ಸಾಧ್ಯ ಇದ್ರೆ ಇದನ್ನೇ ಆರಿಸ್ಕೊಳ್ಳಿ ಅಂತ ನನ್ನ ಅಭಿಪ್ರಾಯ. ಆದ್ರೆ ಆ ಸಂದಿ ಎಷ್ಟು ಅಗಲ ಇದೆ, ಕಲ್ಲು ಎಷ್ಟು ದೊಡ್ಡದು ಅನ್ನೋದರ ಮೇಲೆ ಹೋಗತ್ತೆ, ದೊಡ್ಡ ಸುಲ್ಕಾಟಾಗಳಲ್ಲಿ ಕೈಯೇ ಒಳಗೆ ಹೋಗೋಷ್ಟು ಜಾಗ ಇದ್ರೆ ಚಿಕ್ಕ ಆಮೇಲಿ ಎರಡು ಬೆರಳೂ ಹೋಗಲ್ಲ.

ಮೂರನೇದು ಕೆಳಚಿಪ್ಪಿಗೇ ಕಿಟಕಿ ಕೊಯ್ಯೋದು. ಗುಂಡಮ್ಮನಿಗೆ ಇದೇ ಆಗಿದ್ದು, ಅದಕ್ಕೆ ಇದನ್ನ ವಿವರವಾಗಿ ಹೇಳ್ತೀನಿ. ಖರ್ಚು ಕೆಲವು ಸಾವಿರ ಡಾಲರ್ ಆಗತ್ತೆ ಅಂತ ಮೊದಲೇ ಮನಸ್ಸು ಗಟ್ಟಿ ಮಾಡ್ಕೊಳಿ, ಅಂದಾಜು ಪಟ್ಟಿ ಬರಹದಲ್ಲಿ ಕೇಳಿ, ರಾತ್ರಿ ಉಳಿಸ್ಕೊಳ್ಳೋದು, ಆಮೇಲಿನ ಎಕ್ಸ್‌ರೇ ಅದರಲ್ಲಿ ಸೇರಿದೆಯಾ ನೋಡಿ.

ಹಂತ 4: ಆಪರೇಷನ್ನಿಗೆ ತಯಾರಿ

ಒಣಗಿದ ಆಮೇನ ಟೇಬಲ್ ಮೇಲೆ ಮಲಗಿಸಬಾರದು. ದಿನಗಟ್ಟಲೆ, ಕೆಲವಕ್ಕೆ ಒಂದೆರಡು ವಾರ, ಮೊದಲು ನೀರು ತುಂಬಿಸ್ತಾರೆ. ಚರ್ಮದ ಕೆಳಗೆ ಇಲ್ಲಾ ಬೇರೆ ಕಡೆ ಕೊಡೋ ದ್ರವ ಸಾಮಾನ್ಯವಾಗಿ ಕೆಜಿಗೆ ದಿನಕ್ಕೆ 10ರಿಂದ 20 ಎಂಎಲ್ ಆಸುಪಾಸು, ನಿಮ್ಮ ಆಮೆಗೆ ಎಷ್ಟು ಅನ್ನೋದು ವೆಟ್ ಹೇಳಿದ್ದೇ ಲೆಕ್ಕ. ಜೊತೆಗೆ ದಿನಾ ನೀರಲ್ಲಿ ಕೂರಿಸೋದು. ಮೈ ಬೆಚ್ಚಗಿರಬೇಕು, ಹಗಲು 27ರಿಂದ 30 ಡಿಗ್ರಿ ಸೆಲ್ಸಿಯಸ್, ಇಲ್ಲಿನ ಲೆಕ್ಕದಲ್ಲಿ 80ರಿಂದ 86 ಫ್ಯಾರನ್‌ಹೀಟ್. ತಣ್ಣಗಿರೋ ಆಮೇಲಿ ಅರಿವಳಿಕೆಯ ಮತ್ತೂ ಇಳಿಯಲ್ಲ, ಔಷಧೀನೂ ಹತ್ತಲ್ಲ, ಗಾಯಾನೂ ಮಾಯಲ್ಲ. ನಮ್ಮ ಕಡೆ ಆಮೆಗಳು ಚಳಿಗಾಲ ಪೂರ್ತಿ ಗೂಡಲ್ಲಿ ನಿದ್ದೆ ಮಾಡ್ತವೆ, ಆ ನಿದ್ದೆಗೆ ಹೋಗೋ ಹೊತ್ತಲ್ಲಿ ಕಲ್ಲು ಕಂಡ್ರೆ ಮಲಗೋಕೆ ಬಿಡದೆ ಒಳಗಿಟ್ಕೊಂಡು ಬೆಚ್ಚಗೆ ಮಾಡಿ.

ಉಪವಾಸ ಕೆಡವೋದು ಬೇಡ. ಆಮೆಗಳು ವಾಂತಿ ಮಾಡೋದು ಅಪರೂಪ, ಅದಕ್ಕೆ ನಾಯಿಗೆ ಮಾಡಿದ ಹಾಗೆ ಹೊಟ್ಟೆ ಖಾಲಿ ಮಾಡಿಸೋ ಅಗತ್ಯ ಸಾಮಾನ್ಯವಾಗಿ ಇರಲ್ಲ, ಎಷ್ಟು ಹೊತ್ತು ಊಟ ನಿಲ್ಲಿಸ್ಬೇಕು ಅಂತ ಕೇಳ್ಕೊಂಡು ಅಷ್ಟೇ ಮಾಡಿ.

ಆ ದಿನಗಳಲ್ಲೇ ಮನೇಲಿ ಆಸ್ಪತ್ರೆ ಮೂಲೆ ಒಂದು ರೆಡಿ ಮಾಡಿ. ದೊಡ್ಡ ಪ್ಲಾಸ್ಟಿಕ್ ಟಬ್ಬು, ಕೆಳಗೆ ನ್ಯೂಸ್‌ಪೇಪರ್ ಅದರ ಮೇಲೆ ಹಳೇ ಮೆತ್ತನೆ ಟವೆಲ್, ಮಣ್ಣು ಮರಳು ಹೊಟ್ಟು ಏನೂ ಇರಬಾರದು. ಮೇಲೆ ಶಾಖ ಕೊಡೋ ಬಲ್ಬು, ಥರ್ಮಾಮೀಟರು. ಆಪರೇಷನ್ ಆದ ದಿನ ಓಡಾಡೋಕೆ ಕೈಕಾಲು ಆಡಲ್ಲ, ಮೊದಲೇ ಮಾಡಿಡಿ.

ಹಂತ 5: ಆಪರೇಷನ್ ದಿನ ಒಳಗೆ ಏನೇನು ನಡಿಯತ್ತೆ

ಅರಿವಳಿಕೆ ಕೊಡೋದೇ ದೊಡ್ಡ ಕೆಲಸ. ಆಮೆ ಉಸಿರು ಬಿಗಿಹಿಡಿದು ಎಷ್ಟೋ ಹೊತ್ತು ಇರತ್ತೆ, ಅದಕ್ಕೆ ಮಾಸ್ಕ್ ಇಟ್ಟು ಗ್ಯಾಸ್ ಕೊಡೋಕಾಗಲ್ಲ, ಮೊದಲು ಇಂಜೆಕ್ಷನ್. ಆಮೇಲೆ ಬಾಯಿಂದ ಉಸಿರುನಾಳಕ್ಕೆ ಟ್ಯೂಬ್ ಹಾಕ್ತಾರೆ. ಆಮೆಯ ಉಸಿರುನಾಳ ಕುತ್ತಿಗೆಯಲ್ಲೇ ಬೇಗ ಎರಡಾಗಿ ಕವಲೊಡಿಯತ್ತೆ, ಟ್ಯೂಬ್ ಸ್ವಲ್ಪ ಜಾಸ್ತಿ ಒಳಗೆ ಹೋದ್ರೆ ಒಂದೇ ಶ್ವಾಸಕೋಶಕ್ಕೆ ಗಾಳಿ. ನಮ್ಮ ಥರ ವಪೆ, ಅಂದ್ರೆ ಎದೆ ಹೊಟ್ಟೆ ಮಧ್ಯದ ಸ್ನಾಯು ಪರದೆ, ಇಲ್ಲ, ಬೆನ್ನ ಮೇಲೆ ಮಲಗಿಸಿದಾಗ ಒಳಗಿನ ಅಂಗಗಳ ಭಾರ ಎಲ್ಲ ಶ್ವಾಸಕೋಶದ ಮೇಲೆ ಬೀಳತ್ತೆ, ಹಾಗಾಗಿ ಪೂರ್ತಿ ಹೊತ್ತೂ ಒಬ್ಬರು ನಿಮಿಷಕ್ಕೆ ಕೆಲವು ಸಲ ಚೀಲ ಒತ್ತಿ ಉಸಿರಾಡಿಸ್ಬೇಕು. ಎದೆ ಬಡಿತ ಕೇಳೋಕೆ ಡಾಪ್ಲರ್ ಇಟ್ಟಿರ್ತಾರೆ. ನೋವಿಗೆ ಏನು ಕೊಡ್ತೀರಿ ಅಂತ ಕೇಳಿ. ಆಮೆಗಳಲ್ಲಿ ಮಾರ್ಫಿನ್ ಅಥವಾ ಹೈಡ್ರೋಮಾರ್ಫೋನ್ ಥರದವು ಕೆಲಸ ಮಾಡ್ತವೆ, ಬ್ಯುಟಾರ್ಫನಾಲ್ ಅಷ್ಟಾಗಿ ನೋವು ತಗ್ಗಿಸಲ್ಲ.

ಇಂಜೆಕ್ಷನ್ನುಗಳನ್ನ ಮುಂಗಾಲಿಗೇ ಕೊಡೋದು ರೂಢಿ. ಯಾಕಂದ್ರೆ ಹಿಂಗಾಲಿನ ರಕ್ತ ಮೊದಲು ಕಿಡ್ನಿ ಕಡೆ ಹಾದು ಹೋಗೋ ವ್ಯವಸ್ಥೆ ಇವುಗಳ ಮೈಯಲ್ಲಿದೆ.

ಇನ್ನು ಕಿಟಕಿ. ಕೆಳಚಿಪ್ಪಿನ ಹಿಂಭಾಗದಲ್ಲಿ, ಎದೆ ಕಡೆಗೂ ಹೋಗದೆ ಸೊಂಟದ ಮೂಳೆಗೂ ತಾಗದೆ, ನಾಲ್ಕು ಮೂಲೆಯ ಚೌಕ ಗುರುತು ಮಾಡ್ತಾರೆ. ಚಿಪ್ಪಂದ್ರೆ ಬರೀ ಉಗುರಿನ ಥರ ಅಲ್ಲ, ಒಳಗೆ ಜೀವಂತ ಮೂಳೆ ಇದೆ. ಕಂಪಿಸೋ ಚಿಕ್ಕ ಗರಗಸದಲ್ಲಿ, ಮೂಳೆ ಬಿಸಿ ಆಗದ ಹಾಗೆ ಸಲೈನ್ ಹನಿಸ್ತಾ, ನೆಟ್ಟಗಲ್ಲ, ಓರೆಯಾಗಿ ಕೊಯ್ತಾರೆ. ಆಯುಧಪೂಜೆ ದಿನ ಬೂದುಗುಂಬಳದ ಮೇಲೆ ಓರೆಯಾಗಿ ಕೊಯ್ದು, ಕುಂಕುಮ ಕಾಸು ತುಂಬಿ, ಆ ಮುಚ್ಚಳ ಮತ್ತೆ ಇಟ್ರೆ ಒಳಗೆ ಬೀಳದೆ ಸರಿಯಾಗಿ ಕೂರತ್ತಲ್ಲ, ಅದೇ ಉಪಾಯ. ಮೂರು ಕಡೆ ಪೂರ್ತಿ ಕೊಯ್ದು, ಒಂದು ಕಡೆ ಒಳಗಿನ ಸ್ನಾಯು ಬಿಡಿಸದೆ ಕೀಲಿನ ಥರ ಉಳಿಸ್ತಾರೆ, ಆ ತುಂಡಿಗೆ ರಕ್ತ ಸಿಗ್ತಾ ಇರಲಿ ಅಂತ. ಚಿಪ್ಪಿನ ಅಡೀಲೇ ಎಡಕ್ಕೊಂದು ಬಲಕ್ಕೊಂದು ದಪ್ಪ ರಕ್ತನಾಳ ಇವೆ, ಅವೆರಡರ ನಡುವೆ ಪೊರೆ ಬಿಡಿಸಿ ಒಳಗೆ ಹೋಗ್ಬೇಕು.

ಮೂತ್ರಕೋಶ ಕಂಡಮೇಲೆ ಅದನ್ನ ಎಳೆದಾರ ಹಾಕಿ ಮೇಲಕ್ಕೆತ್ತಿ, ಸುತ್ತ ಒದ್ದೆ ಗಾಜ್ ಬಟ್ಟೆ ತುರುಕ್ತಾರೆ. ಒಳಗಿರೋ ಮೂತ್ರ ಹೊಟ್ಟೆಗೆ ಚೆಲ್ಲಬಾರದು, ಯಾಕಂದ್ರೆ ಆಮೆಯ ಮೂತ್ರ ಮಲ ಎಲ್ಲ ಒಂದೇ ಬಾಗಿಲಲ್ಲಿ ಹೋಗೋದ್ರಿಂದ ಅದರಲ್ಲಿ ಬ್ಯಾಕ್ಟೀರಿಯಾ ಇರತ್ತೆ. ಕೊಯ್ದು ಕಲ್ಲು ತೆಗೆದು, ಉಳಿದ ಮರಳು ಪೂರ್ತಿ ಹೋಗೋವರೆಗೆ ಸಲೈನಲ್ಲಿ ತೊಳೆದು ತೊಳೆದು, ಕರಗೋ ದಾರದಲ್ಲಿ ಎರಡು ಪದರ ಹೊಲಿಗೆ. ಈ ತೊಳೆಯೋ ಕೆಲಸ ಅರ್ಜೆಂಟ್ ಮಾಡಿದ್ರೆ ಉಳಿದ ಚೂರೇ ಮುಂದಿನ ಕಲ್ಲಿಗೆ ಬೀಜ. ಆಮೇಲೆ ಪೊರೆ ಹೊಲಿದು, ಚಿಪ್ಪಿನ ಮುಚ್ಚಳ ವಾಪಸ್ ಕೂರಿಸಿ, ಮೇಲೆ ಫೈಬರ್‌ಗ್ಲಾಸ್ ಬಟ್ಟೆ ಹಾಕಿ ಎಪಾಕ್ಸಿ ಅನ್ನೋ ಗಟ್ಟಿ ಅಂಟು ಬಳೀತಾರೆ. ಎಪಾಕ್ಸಿ ಕೊಯ್ದ ಸಂದಿ ಒಳಗೆ ಇಳಿಯಬಾರದು, ಇಳಿದ್ರೆ ಮೂಳೆಗೆ ಮೂಳೆ ಕೂಡೋಕೆ ಅದೇ ಅಡ್ಡ.

ನಮ್ಮದು ಎರಡು ಗಂಟೆ ಹಿಡೀತು. ಆದ್ರೆ ಎಚ್ಚರ ಆಗೋಕೆ ಅದಕ್ಕಿಂತ ಜಾಸ್ತಿ ಹೊತ್ತು, ಗಂಟೆಗಟ್ಟಲೆ. ಎಚ್ಚರಿಸುವಾಗ ಶುದ್ಧ ಆಕ್ಸಿಜನ್ ಬಿಟ್ಟು ಸಾದಾ ಗಾಳಿ ಕೊಡ್ತಾರೆ, ಆಕ್ಸಿಜನ್ ಹೆಚ್ಚಿದ್ರೆ ತಾನಾಗಿ ಉಸಿರಾಡ್ಬೇಕು ಅಂತ ಆಮೆಗೆ ಅನಿಸೋದೇ ಇಲ್ಲ. ಸಂಜೆ ಫೋನ್ ಬರ್ಲಿಲ್ಲ ಅಂತ ಗಾಬರಿ ಬೀಳಬೇಡಿ. ನಮಗೆ ರಾತ್ರಿ ಒಂಬತ್ತಕ್ಕೆ ಬಂತು, ತಲೆ ಎತ್ತಿದ್ದಾಳೆ ಅಂದ್ರು. ನಾನು ನಮ್ಮೆಜಮಾನ್ರು ಇಬ್ರೂ ಆಸ್ಪತ್ರೆ ಪಾರ್ಕಿಂಗಲ್ಲೇ ಕೂತಿದ್ವಿ.

ಹಂತ 6: ಮನೆಗೆ ಬಂದಮೇಲೆ

ಮೊದಲ ಎರಡು ವಾರ ಬಾಣಂತನ ಇದ್ದ ಹಾಗೆ. ಬೆಚ್ಚಗೆ, ಶುದ್ಧವಾಗಿ, ಹೊತ್ತು ಹೊತ್ತಿಗೆ. ಗುಂಡಮ್ಮನ ಕುತ್ತಿಗೆ ಪಕ್ಕದಿಂದ ಅನ್ನನಾಳಕ್ಕೆ ಒಂದು ಟ್ಯೂಬ್ ಹಾಕಿ ಅದರ ತುದೀನ ಚಿಪ್ಪಿಗೆ ಟೇಪ್ ಹಾಕಿ ಅಂಟಿಸಿ ಕಳ್ಸಿದ್ರು. ನೋಡೋಕೆ ಎದೆ ಝಲ್ ಅನ್ನತ್ತೆ, ಆದ್ರೆ ಆಮೆ ಬಾಯಿ ಬಲವಂತ ಮಾಡಿ ಬಿಡಿಸೋದಕ್ಕಿಂತ ಸಾವಿರ ಪಾಲು ವಾಸಿ. ಸೊಪ್ಪು ತಿನ್ನೋ ಪ್ರಾಣಿಗಳಿಗೆ ಅಂತ ಬರೋ ಕ್ರಿಟಿಕಲ್ ಕೇರ್ ಪುಡೀನ ಬೆಚ್ಚನೆ ನೀರಲ್ಲಿ ಗಂಟಿಲ್ಲದ ಹಾಗೆ ಕಲಸಿ, ರಾಗಿ ಸರಿಗಿಂತ ತೆಳುವಾಗಿ, ಟೀ ಸೋಸೋ ಜರಡೀಲಿ ಸೋಸಿ ಸಿರಿಂಜಲ್ಲಿ ನಿಧಾನವಾಗಿ ಬಿಡಿ. ಆದಮೇಲೆ ಸ್ವಲ್ಪ ಬರೀ ನೀರು ಬಿಟ್ಟು ಟ್ಯೂಬ್ ತೊಳೀಲೇಬೇಕು, ಇಲ್ಲಾಂದ್ರೆ ಒಣಗಿ ಕಟ್ಕೊಳತ್ತೆ. ತಾನಾಗಿ ತಿನ್ನೋಕೆ ಶುರು ಮಾಡಿದ್ರೂ ಟ್ಯೂಬ್ ಇರಲಿ, ವೆಟ್ ತೆಗೀಲಿ.

ಆಂಟಿಬಯಾಟಿಕ್ ನಮಗೆ ಸೆಫ್ಟಾಜಿಡೈಮ್ ಕೊಟ್ರು, ಮೂರು ದಿನಕ್ಕೊಂದ್ಸಲ ಇಂಜೆಕ್ಷನ್. ಸರೀಸೃಪಗಳ ಮೈ ನಿಧಾನ, ಔಷಧಿ ಒಳಗೆ ಜಾಸ್ತಿ ಹೊತ್ತು ಉಳಿಯತ್ತೆ. ಅಳತೆ ತುಂಬಿದ ಸಿರಿಂಜುಗಳನ್ನ ಫ್ರೀಜರಲ್ಲಿಟ್ಟು, ಒಂದೊಂದೇ ತೆಗೆದು ಅಂಗೈಲಿ ಹಿಡಿದು ಕರಗಿಸಿ ಕೊಡ್ಬೇಕು. ನಮ್ಮ ಫ್ರೀಜರಲ್ಲಿ ತೆಂಗಿನತುರಿ ಡಬ್ಬಿ ಪಕ್ಕ ಒಂದು ಮುಚ್ಚಳದ ಡಬ್ಬೀಲಿ ಹೆಸರು ಬರೆದು ಇಟ್ಟಿದ್ದೆ. ಯಾವ ದಿನ ಎಡ ಮುಂಗಾಲು ಯಾವ ದಿನ ಬಲ ಮುಂಗಾಲು ಅಂತ ಕ್ಯಾಲೆಂಡರಲ್ಲಿ ಗುರುತು ಹಾಕಿ, ಇಲ್ಲಾಂದ್ರೆ ಖಂಡಿತ ಮರೀತೀರಿ. ನೋವಿಗೆ ಮೆಲೋಕ್ಸಿಕ್ಯಾಮ್ ಕೊಟ್ಟಿದ್ರೆ ನೀರು ಸರಿಯಾಗಿ ಹೋಗ್ತಿದೆಯಾ ಎರಡು ಪಟ್ಟು ಗಮನ ಇಡಿ, ಕಿಡ್ನಿಗೆ ಭಾರ ಆಗೋ ಔಷಧಿ ಅದು.

ನೀರಲ್ಲಿ ಕೂರಿಸೋದು ವೆಟ್ ಹೇಳೋವರೆಗೆ ಬೇಡ. ಎಪಾಕ್ಸಿ ಅಂಚು ದಿನಾ ಟಾರ್ಚ್ ಹಾಕಿ ನೋಡಿ, ಎದ್ದಿದೆಯಾ, ನೀರಾಡ್ತಿದೆಯಾ, ವಾಸನೆ ಬರ್ತಿದೆಯಾ. ತೊಡೆ ಸಂದಿ ಆಪರೇಷನ್ ಆದೋರು ಚರ್ಮದ ಹೊಲಿಗೆ ಹತ್ತು ದಿನಕ್ಕೆ ಬಿಚ್ಚಿಸೋಕೆ ಹೋಗಬೇಡಿ, ಇವುಗಳ ಚರ್ಮ ಕೂಡೋಕೆ 4ರಿಂದ 6 ವಾರ ಬೇಕು.

ಮೊದಲ ಸಲ ಮೂತ್ರ ಮಾಡಿದ್ದು ಮೂರನೇ ದಿನ. ಸ್ವಲ್ಪ ಕೆಂಪು ಬೆರೆತಿತ್ತು, ಅದು ಒಂದೆರಡು ದಿನ ಇರತ್ತೆ ಅಂತ ಮೊದಲೇ ಹೇಳಿದ್ರು. ದಿನ ಕಳೆದಂಗೆ ಹೆಚ್ಚಾದ್ರೆ, ಇಲ್ಲಾ ಮೂತ್ರಾನೇ ಬರದೆ ಆಮೆ ಊದ್ಕೊಂಡು ಮಂಕಾದ್ರೆ ರಾತ್ರಿನೇ ಇರಲಿ ಫೋನ್ ಮಾಡಿ, ಒಳಗೆ ಹೊಲಿಗೆ ಸೋರ್ತಿರಬಹುದು.

ಹಂತ 7: ತಿಂಗಳುಗಳ ಲೆಕ್ಕ

ಚಿಪ್ಪಿನ ಮೂಳೆ ಕೂಡೋಕೆ ತಿಂಗಳುಗಟ್ಟಲೆ, ಕೆಲವಕ್ಕೆ ವರ್ಷದ ಮೇಲೂ ಆಗತ್ತೆ. ಎಪಾಕ್ಸಿ ಪಟ್ಟಿ ಅಲ್ಲೀವರೆಗೂ ಇರತ್ತೆ, ಕಿತ್ತು ನೋಡೋಕೆ ಹೋಗಬೇಡಿ. ಬೆಳೆಯೋ ಮರಿ ಆಮೆ ಆದ್ರೆ ಮಾತ್ರ ಚಿಪ್ಪು ಹಿಗ್ಗೋಕೆ ಅಡ್ಡಿ ಆಗದ ಹಾಗೆ ವೆಟ್ ಮಧ್ಯೆ ಮಧ್ಯೆ ನೋಡ್ಬೇಕು. ಆ ವರ್ಷದ ಚಳಿ ನಿದ್ದೆ ಇಲ್ಲ, ಗುಂಡಮ್ಮ ಆ ಚಳಿಗಾಲ ಪೂರ್ತಿ ನಮ್ಮ ಲಾಂಡ್ರಿ ರೂಮಲ್ಲಿ ಬಲ್ಬಿನ ಕೆಳಗಿದ್ಲು. ತೆಗೆದ ಕಲ್ಲಿನ ಒಂದು ಚೂರು ಲ್ಯಾಬಿಗೆ ಕಳಿಸೋಕೆ ಹೇಳಿ, ಯಾತರ ಕಲ್ಲು ಅಂತ ಬರಹದಲ್ಲಿ ಬಂದ್ರೆ ಮುಂದಿನ ಊಟದ ತೀರ್ಮಾನಕ್ಕೆ ಆಧಾರ ಆಗತ್ತೆ. ನಮ್ಮದು ಯೂರೇಟೇ ಅಂತ ಬಂತು.

ಮತ್ತೆ ಆಗದ ಹಾಗೆ

ಇದನ್ನ ಕೊನೇಗೆ ಬರೀತಿದ್ರೂ ಮನೇಲಿ ಈಗ್ಲೇ ಶುರು ಮಾಡ್ಬೇಕಾದ್ದು ಇದೇ. ತಟ್ಟೆ ಥರ ಅಗಲವಾದ, ಆಮೆ ಹತ್ತಿ ಇಳಿಯೋಕೆ ಆಗೋ ನೀರಿನ ಜಾಗ ದಿನಾ ತೊಳೆದು ತುಂಬಿಸಿ. ಬೇಸಿಗೇಲಿ ಹುಲ್ಲಿನ ಮೇಲೆ ಸ್ಪ್ರಿಂಕ್ಲರ್ ಬಿಟ್ರೆ ಮಳೆ ಅಂದ್ಕೊಂಡು ಗೂಡಿಂದ ಎದ್ದು ಬರ್ತವೆ, ಆ ಹೊತ್ತಲ್ಲಿ ಕುಡಿಯೋದು ನೋಡೋಕೇ ಚಂದ. ಅದರ ಜೊತೆ ವಾರಕ್ಕೊಂದ್ಸಲವಾದ್ರೂ ಬೆಚ್ಚನೆ ನೀರಲ್ಲಿ ಕೂರಿಸಿ.

ಊಟಕ್ಕೆ ಹುಲ್ಲು ಸೊಪ್ಪೇ ಮುಖ್ಯ. ಇಲ್ಲಿ ಮನೆ ಮುಂದೆಲ್ಲ ಬರ್ಮುಡಾ ಗ್ರಾಸ್ ಅಂತ ಬೆಳೀತಾರಲ್ಲ, ಅದು ನಮ್ಮ ಗಣಪನ ಗರಿಕೆನೇ, ಅದನ್ನ ಚೆನ್ನಾಗಿ ತಿಂತವೆ. ಔಷಧಿ ಹೊಡೆದಿರಬಾರದು ಅಷ್ಟೇ. ದಾಸವಾಳದ ಹೂ ಎಲೆ, ಹಿಪ್ಪುನೇರಳೆ ಸೊಪ್ಪು, ದ್ರಾಕ್ಷಿ ಎಲೆ, ಮುಳ್ಳು ಸವರಿದ ಪಾಪಾಸುಕಳ್ಳಿ, ಇಲ್ಲಿನ ಮರುಭೂಮಿಯ ಗ್ಲೋಬ್‌ಮ್ಯಾಲೋ ಹೂಗಿಡ, ಎಲ್ಲ ಆಗತ್ತೆ. ಬೇಳೆ, ಕಾಳು, ಪನೀರು, ನಾಯಿ ಬೆಕ್ಕಿನ ಫುಡ್ಡು, ಅನ್ನ, ಚಪಾತಿ ಯಾವುದೂ ಬೇಡ, ನೆಂಟರ ಮಕ್ಕಳು ಬಂದಾಗ ಇದನ್ನ ಮೊದಲೇ ಹೇಳಿಡಿ.

ಆಮೇನ ಸುಮ್ಸುಮ್ನೆ ಎತ್ತಬೇಡಿ. ಹೆದರಿದ್ರೆ ಮೂತ್ರಕೋಶ ಪೂರ್ತಿ ಖಾಲಿ ಮಾಡ್ಬಿಡತ್ತೆ, ತಿಂಗಳುಗಟ್ಟಲೆ ಕೂಡಿಟ್ಟ ನೀರು ಒಂದು ಕ್ಷಣದಲ್ಲಿ ಹೋಗತ್ತೆ. ಕಾಡಲ್ಲಿ ಕಂಡ ಆಮೇನ ಫೋಟೋಗೆ ಎತ್ತಬಾರದು ಅನ್ನೋದು ಇದಕ್ಕೇ. ಎತ್ತಲೇಬೇಕಾಗಿ ಬಂದು ಚೆಲ್ಲಿದ್ರೆ ತಕ್ಷಣ ನೀರಲ್ಲಿ ಕೂರಿಸಿ. ಸಾಕೋದು ಕಷ್ಟ ಆಯ್ತು ಅಂತ ಮರುಭೂಮೀಲಿ ಬಿಟ್ಟು ಬರೋದು ಇಲ್ಲಿ ಕಾನೂನಿಗೆ ವಿರುದ್ಧ, ಸಾಕಿದ ಆಮೆಯಿಂದ ಕಾಡಿನ ಆಮೆಗಳಿಗೆ ಉಸಿರಾಟದ ರೋಗ ಹರಡತ್ತೆ, ದತ್ತು ಯೋಜನೆಯವರಿಗೇ ವಾಪಸ್ ಕೊಡಿ.

ವರ್ಷಕ್ಕೊಂದ್ಸಲ, ಚಳಿ ನಿದ್ದೆಗೆ ಮುಂಚೆ, ಒಂದು ಎಕ್ಸ್‌ರೇ ತೆಗೆಸಿ. ಒಂದ್ಸಲ ಕಲ್ಲಾದ ಆಮೇಲಿ ಮತ್ತೆ ಆಗಬಹುದು, ಕಡಲೆಕಾಳಿನಷ್ಟಿದ್ದಾಗ ಸಿಕ್ಕಿದ್ರೆ ಚಿಪ್ಪು ಕೊಯ್ಯೋ ಮಾತೇ ಬರಲ್ಲ. ಗುಂಡಮ್ಮಂದು ಈ ಅಕ್ಟೋಬರ್‌ನಲ್ಲಿ ತೆಗೆಸಿದ್ವಿ, ಕಿಟಕಿ ಕೊಯ್ದ ಗೆರೆ ಮೂರು ಕಡೆ ಪೂರ್ತಿ ಕೂಡಿದೆ, ಒಂದು ಮೂಲೇಲಿ ಇನ್ನೂ ಕೂದಲೆಳೆಯಷ್ಟು ಕಪ್ಪು ಗೆರೆ ಕಾಣತ್ತೆ, ಒಳಗೆ ಕಲ್ಲಿಲ್ಲ. ಬೆಳಗ್ಗೆ ನೀರಲ್ಲಿ ಕೂತಾಗ ಬಿಟ್ಟ ಬಿಳೀದನ್ನ ತಿಕ್ಕಿ ನೋಡಿದೆ, ಸುಣ್ಣದ ಹಾಗೆ ನುಣ್ಣಗಿತ್ತು.